ಕೆಟ್ರೇಸ್ ಲೋಪ: ಹಲವರ ಖಾತೆ ಇರುವ ಫ್ರೀಬಿಎಸ್‌ಡಿ ಸರ್ವರ್ ನೋಡಿಕೊಳ್ಳುವವರು ಸ್ವಲ್ಪ ಇಲ್ಲಿ ಬನ್ನಿ

ರಾತ್ರಿಪಾಳಿ | ಆಗಸ್ಟ್ 8, 2024, ಬೆಳಿಗ್ಗೆ 7:42

ಫ್ರೀಬಿಎಸ್‌ಡಿಯವರು (ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ನಿನ್ನೆ ಒಂದೇ ದಿನ ನಾಲ್ಕು ಸೆಕ್ಯುರಿಟಿ ಅಡ್ವೈಸರಿ ಬಿಟ್ಟಿದ್ದಾರೆ: ಪಿಎಫ್ (ಫೈರ್‌ವಾಲ್), ಕೆಟ್ರೇಸ್, ಎನ್‌ಎಫ್‌ಎಸ್ ಕ್ಲೈಂಟ್, ಓಪನ್‌ಎಸ್‌ಎಸ್‌ಎಚ್. ಎಲ್ಲರೂ ಮಾತಾಡುತ್ತಿರುವುದು ಕೊನೆಯದರ ಬಗ್ಗೆ. ಜುಲೈನಲ್ಲಿ ಅದೇ ಓಪನ್‌ಎಸ್‌ಎಸ್‌ಎಚ್ ಎಲ್ಲರ ನಿದ್ದೆ ಕೆಡಿಸಿತ್ತು, ಹಾಗಾಗಿ ಸಹಜ.

ನನಗೆ ತಲೆಬಿಸಿ ಆಗಿರುವುದು ಎಸ್‌ಎ-24:06, ಕೆಟ್ರೇಸ್‌ನದು, ಅಂದರೆ ಒಂದು ಪ್ರೋಗ್ರಾಂ ಓಡುವಾಗ ಕರ್ನಲ್‌ಗೆ (ಓಎಸ್‌ನ ತಿರುಳು) ಏನೇನು ಕೇಳುತ್ತದೆ (ಸಿಸ್ಟಮ್ ಕಾಲ್) ಅನ್ನುವುದನ್ನು ಬರೆದುಕೊಳ್ಳುವ ಸಾಧನದ್ದು. ಲೋಪದ ನಂಬರ್ ಸಿವಿಇ-2024-6760. ನಾನು ನೋಡಿಕೊಳ್ಳುವುದು ಒಂದು ಕಾಲೇಜಿನ ಲ್ಯಾಬ್ ಸರ್ವರ್. 13.3 ಓಡುತ್ತಿದೆ, 43 ಹುಡುಗ ಹುಡುಗಿಯರ ಶೆಲ್ ಖಾತೆ ಇದೆ, ಓಎಸ್ ಲ್ಯಾಬ್ ಅದರಲ್ಲೇ ನಡೆಯುತ್ತದೆ. ಕೆಟ್ರೇಸ್ ಬಳಸುವುದನ್ನು ನಾವೇ ಕಲಿಸಿಕೊಟ್ಟಿದ್ದೇವೆ!

ಅಡ್ವೈಸರಿ ಓದಿದೆ. ಸೆಟ್‌ಯುಐಡಿ ಪ್ರೋಗ್ರಾಂ (ಓಡಿಸಿದವರ ಬದಲು ತನ್ನ ಮಾಲೀಕನ, ಸಾಮಾನ್ಯವಾಗಿ ರೂಟ್ ಎಂಬ ಸರ್ವಾಧಿಕಾರಿ ಖಾತೆಯ, ಹಕ್ಕಿನಲ್ಲಿ ಓಡುವಂಥದ್ದು) ಶುರುವಾದಾಗ ಟ್ರೇಸಿಂಗ್ ನಿಲ್ಲಬೇಕಿತ್ತು, ನಿಲ್ಲುತ್ತಿರಲಿಲ್ಲ, ಅದರಿಂದ ಸಾಮಾನ್ಯ ಬಳಕೆದಾರನಿಗೆ ತನಗೆ ಓದಲು ಅನುಮತಿ ಇಲ್ಲದ ಫೈಲಿನ ಹೂರಣ ಸಿಗಬಹುದು, ಉದಾಹರಣೆಗೆ ಪಾಸ್‌ವರ್ಡ್ ಡೇಟಾಬೇಸ್, ಎಂದಿದೆ. ಇಷ್ಟು ಅರ್ಥವಾಯಿತು. ಟ್ರೇಸ್ ಮಾಡಿದರೆ ಫೈಲಿನ ಒಳಗಿರುವುದು ಹೇಗೆ ಹೊರಗೆ ಬರುತ್ತದೆ ಅನ್ನುವುದು ತಲೆಗೆ ಹೋಗಲಿಲ್ಲ. ಸಿಸ್ಟಮ್ ಕಾಲ್‌ಗಳ ಪಟ್ಟಿ ಕಂಡರೆ ಏನು ಮಹಾ?

ಇನ್ನೊಂದು: ಇವತ್ತೇ ರೀಬೂಟ್ ಮಾಡಬೇಕಾ, 15ರ ರಜೆಗೆ ಕಾಯಬಹುದಾ? ಮಧ್ಯದಲ್ಲಿ ಇಂಟರ್ನಲ್ಸ್ ಇದೆ.

ಹಳೇಗಿರಾಕಿ | ಆಗಸ್ಟ್ 8, ಬೆಳಿಗ್ಗೆ 8:30

ಏನು ಮಹಾ ಅಂತ ಕೇಳಿದ್ದೀರಿ, ಅಲ್ಲೇ ಇರೋದು ವಿಷಯ.

ಲಿನಕ್ಸ್‌ನ ಎಸ್‌ಟ್ರೇಸ್ ಬಳಸಿದವರಿಗೆ ಈ ಗೊಂದಲ ಆಗುತ್ತದೆ. ಎಸ್‌ಟ್ರೇಸ್ ಒಂದು ರೀಡ್ ಕಾಲ್ ತೋರಿಸುವಾಗ ಓದಿದ ದತ್ತಾಂಶದ ಮೊದಲ 32 ಬೈಟ್ ತೋರಿಸಿ ಮೂರು ಚುಕ್ಕಿ ಇಡುತ್ತದೆ, ನಾವಾಗಿ ಹೆಚ್ಚು ಕೇಳದಿದ್ದರೆ. ಕೆಟ್ರೇಸ್ ಹಾಗಲ್ಲ. ಏನೂ ಹೇಳದೆ ಓಡಿಸಿದರೂ ಸಿಸ್ಟಮ್ ಕಾಲ್ ಜತೆಗೆ ಓದಿದ್ದನ್ನೂ ಬರೆದದ್ದನ್ನೂ (ಒಂದೊಂದು ಕಾಲ್‌ಗೆ ಸಾಮಾನ್ಯವಾಗಿ 4096 ಬೈಟ್‌ವರೆಗೆ) ಕೆಟ್ರೇಸ್.ಔಟ್ ಎನ್ನುವ ಫೈಲಿಗೆ ತುಂಬುತ್ತದೆ. ಆಮೇಲೆ ಆ ಫೈಲನ್ನು ಓದಿ ತೋರಿಸುವ ಕೆಡಂಪ್ ಹಾಕಿದರೆ «ಜಿಐಒ» ಎಂಬ ಸಾಲುಗಳು ಬರುತ್ತವಲ್ಲ, «ಫೈಲ್ ಡಿಸ್ಕ್ರಿಪ್ಟರ್ 3 ಇಷ್ಟು ಬೈಟ್ ಓದಿತು» ಅಂತ? ಅದರ ಕೆಳಗಿರುವುದೇ ಆ ಬೈಟ್‌ಗಳು.

ಈಗ ಎಸ್‌ಯು ಕಮ್ಯಾಂಡ್ ತೆಗೆದುಕೊಳ್ಳಿ, ಬೇರೆ ಖಾತೆಗೆ ಬದಲಾಗಲು ಬಳಸುವುದು. ಅದು ಸೆಟ್‌ಯುಐಡಿ ರೂಟ್, ಯಾರು ಓಡಿಸಿದರೂ ರೂಟ್ ಆಗಿಯೇ ಓಡುತ್ತದೆ. ನೀವು ಕೊಟ್ಟ ಪಾಸ್‌ವರ್ಡ್ ಸರಿಯೋ ತಪ್ಪೋ ಹೇಳಬೇಕಾದರೆ ಅದು ಎಸ್‌ಪಿಡಬ್ಲ್ಯುಡಿ.ಡಿಬಿ ಎಂಬ ಪಾಸ್‌ವರ್ಡ್ ಡೇಟಾಬೇಸ್ ತೆರೆದು ಹ್ಯಾಶ್ (ಪಾಸ್‌ವರ್ಡನ್ನು ಅರೆದು ಮಾಡಿದ ಗುರುತು) ಓದಲೇಬೇಕು. ಆ ಫೈಲನ್ನು ಓದುವ ಹಕ್ಕು ರೂಟ್‌ಗೆ ಮಾತ್ರ. ಎಸ್‌ಯು ಓದಿತು, ಬೆನ್ನ ಹಿಂದೆ ನಿಂತಿದ್ದ ಕೆಟ್ರೇಸ್ ಆ ಓದಿದ್ದನ್ನು ಹಾಗ್ಹಾಗೇ ಬರೆದುಕೊಂಡಿತು. ಬರೆದುಕೊಂಡ ಫೈಲ್ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ, ನಿಮ್ಮ ಹೆಸರಿನಲ್ಲಿ. ಪಾಸ್‌ವರ್ಡ್ ತಪ್ಪು ಕೊಟ್ಟರೂ ಪರವಾಗಿಲ್ಲ, ಏಕೆಂದರೆ ತಪ್ಪು ಅಂತ ಹೇಳುವ ಮೊದಲೇ ಓದಿ ಆಗಿರುತ್ತದೆ.

ಬ್ಯಾಂಕ್ ಲಾಕರ್ ಕೋಣೆಗೆ ಮ್ಯಾನೇಜರ್ ಹೋಗುವಾಗ ಹಿಂದೆ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿರುವವನನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಇಲ್ಲಿ ಅವನನ್ನೂ ಒಳಗೆ ಬಿಟ್ಟಿದ್ದಾರೆ.

ಯಾವಾಗ ರೀಬೂಟ್ ಅಂದರೆ, 43 ಜನರಿಗೆ ಶೆಲ್ ಕೊಟ್ಟಿದ್ದೀರಿ, ಕೆಟ್ರೇಸ್ ಕಲಿಸಿದ್ದೀರಿ. 15ರವರೆಗೆ ಕಾಯುವ ಕೇಸ್ ಅಲ್ಲ ಇದು. ನನ್ನನ್ನು ಕೇಳಿದರೆ ಇವತ್ತು ರಾತ್ರಿ.

ಕಡಲತಡಿ | ಆಗಸ್ಟ್ 8, ಬೆಳಿಗ್ಗೆ 9:05

ನಮ್ಮ ಆಫೀಸಲ್ಲಿ ಪಿಎಫ್‌ಸೆನ್ಸ್ ಫೈರ್‌ವಾಲ್ ಪೆಟ್ಟಿಗೆ ಉಂಟು ಮಾರ್ರೆ, ಅದೂ ಫ್ರೀಬಿಎಸ್‌ಡಿ ಮೇಲೆಯೇ ಅಲ್ವಾ? ನಾನೂ ಓಡಬೇಕಾ?

ಹಳೇಗಿರಾಕಿ | ಆಗಸ್ಟ್ 8, ಬೆಳಿಗ್ಗೆ 9:11

ಕಡಲತಡಿಯವರೇ, ನಿಮ್ಮ ಪೆಟ್ಟಿಗೆಗೆ ಶೆಲ್‌ನಲ್ಲಿ ಒಳಬರುವವರು ಯಾರು? ನೀವೊಬ್ಬರೇ, ಅದೂ ರೂಟ್ ಆಗಿಯೇ. ಹಾಗಿದ್ದರೆ ಕದಿಯುವವನೂ ನೀವೇ, ಕಳಕೊಳ್ಳುವವನೂ ನೀವೇ. ಇದು ಹೊರಗಿನಿಂದ ನೆಟ್‌ವರ್ಕ್ ಮೂಲಕ ಬರುವ ತೂತಲ್ಲ, ಈಗಾಗಲೇ ಒಳಗೆ ಒಂದು ಖಾತೆ ಇರುವವನಿಗೆ ಸಿಗುವ ತೂತು. ಅವರು ಅಪ್‌ಡೇಟ್ ಬಿಟ್ಟಾಗ ಹಾಕಿಕೊಳ್ಳಿ, ಸಾಕು. ಆ ನಾಲ್ಕರಲ್ಲಿ ನಿಮಗೆ ಹೆಚ್ಚು ಸಂಬಂಧ ಇರೋದು ಪಿಎಫ್‌ನದ್ದು, ಐಸಿಎಂಪಿವಿ6 ಪ್ಯಾಕೆಟ್ ವಿಚಾರ.

ಜೈಲ್ (ಒಂದೇ ಸರ್ವರ್‌ನೊಳಗೆ ಬೇರೆ ಬೇರೆ ಕೋಣೆ) ಮಾಡಿ ಒಳಗೆ ಬೇರೆ ಬೇರೆಯವರಿಗೆ ಖಾತೆ ಕೊಟ್ಟಿರುವವರು ಮಾತ್ರ ಹುಷಾರು. ಜೈಲ್ ಎಷ್ಟಿದ್ದರೂ ಕರ್ನಲ್ ಒಂದೇ.

ಪೆಂಗ್ವಿನ್‌ಮರಿ | ಆಗಸ್ಟ್ 8, ಬೆಳಿಗ್ಗೆ 10:20

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಲಿನಕ್ಸ್‌ನಲ್ಲಿ ಇದು ಆಗಲು ಸಾಧ್ಯವೇ ಇಲ್ಲ ನೋಡಿ. ಎಸ್‌ಟ್ರೇಸ್ ಕೆಳಗೆ ಎಸ್‌ಯು ಓಡಿಸಿದರೆ ಸೆಟ್‌ಯುಐಡಿ ಕೆಲಸವೇ ಮಾಡುವುದಿಲ್ಲ, ನಿಮ್ಮ ಸ್ವಂತ ಹಕ್ಕಿನಲ್ಲೇ ಓಡಿ, ಪಾಸ್‌ವರ್ಡ್ ಫೈಲ್ ತೆರೆಯಲಾಗದೆ ಬಿದ್ದುಹೋಗುತ್ತದೆ. ಬಿಎಸ್‌ಡಿಯವರು ಯಾಕೆ ಹಾಗೆ ಮಾಡಲಿಲ್ಲ?

ಹಳೇಗಿರಾಕಿ | ಆಗಸ್ಟ್ 8, ಬೆಳಿಗ್ಗೆ 10:58

ಪೆಂಗ್ವಿನ್‌ಮರಿ, «ಸಾಧ್ಯವೇ ಇಲ್ಲ» ಅನ್ನೋ ಮಾತಿಗೆ ಆಮೇಲೆ ಬರೋಣ, ನನ್ನ ಹತ್ತಿರ ಅದಕ್ಕೊಂದು ಕಥೆ ಇದೆ. ಮೊದಲು ನಿಮ್ಮ ಪ್ರಶ್ನೆ.

ಬಿಎಸ್‌ಡಿಯಲ್ಲೂ ಅದೇ ಪದ್ಧತಿ ಇದೆ, ಟ್ರಸ್ ಎನ್ನುವ ಇನ್ನೊಂದು ಟ್ರೇಸ್ ಸಾಧನಕ್ಕೆ. ಅದು ಪಿಟ್ರೇಸ್ ಎಂಬ ಸಿಸ್ಟಮ್ ಕಾಲ್ ಮೇಲೆ ನಿಂತಿದೆ. ಪಿಟ್ರೇಸ್‌ನಿಂದ ನೋಡುವುದಷ್ಟೇ ಅಲ್ಲ, ಇನ್ನೊಂದು ಪ್ರೋಸೆಸ್‌ನ ಮೆಮೊರಿಯನ್ನೇ ತಿದ್ದಬಹುದು. ಅಂಥವನು ಪಕ್ಕದಲ್ಲಿರುವಾಗ ಸೆಟ್‌ಯುಐಡಿ ಕೊಡಲೇಬಾರದು. ಹಾಗಾಗಿ ಅಲ್ಲಿ ನೋಡುವವನು ಉಳಿಯುತ್ತಾನೆ, ರೂಟ್ ಹಕ್ಕು ಹೋಗುತ್ತದೆ.

ಕೆಟ್ರೇಸ್ 4.4ಬಿಎಸ್‌ಡಿ ಕಾಲದ್ದು. ಅದು ಬರೆದುಕೊಳ್ಳುವ ಗುಮಾಸ್ತ ಅಷ್ಟೇ, ಏನನ್ನೂ ಮುಟ್ಟುವುದಿಲ್ಲ. ಅದಕ್ಕೆ ತದ್ವಿರುದ್ಧ ದಾರಿ ಹಿಡಿದರು: ರೂಟ್ ಹಕ್ಕು ಉಳಿಯಲಿ, ನೋಡುವವನು ಹೋಗಲಿ. ನನಗೆ ಇದು ಜಾಣತನ ಅಂತಲೇ ಅನಿಸುತ್ತದೆ. ನೀವು «-ಐ» ಹಾಕಿ ಒಂದು ದೊಡ್ಡ ಸ್ಕ್ರಿಪ್ಟನ್ನು ಮಕ್ಕಳು ಮೊಮ್ಮಕ್ಕಳ ಸಮೇತ ಟ್ರೇಸ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ನಡುವೆ ಎಲ್ಲೋ ಸುಡೊ ಬರುತ್ತದೆ, ಅದೂ ಸೆಟ್‌ಯುಐಡಿ ರೂಟ್. ಲಿನಕ್ಸ್ ದಾರಿಯಲ್ಲಾದರೆ ಸುಡೊ ಕೆಟ್ಟು ಸ್ಕ್ರಿಪ್ಟೇ ನಿಲ್ಲುತ್ತದೆ. ಟ್ರೇಸ್ ಮಾಡಿದ್ದಕ್ಕೇ ಪ್ರೋಗ್ರಾಂ ಬೇರೆ ಥರ ನಡೆದುಕೊಂಡಿತು. ಕೆಟ್ರೇಸ್ ದಾರಿಯಲ್ಲಿ ಸುಡೊ ಸಲೀಸಾಗಿ ಓಡುತ್ತದೆ, ಟ್ರೇಸ್‌ನಲ್ಲಿ ಆ ಭಾಗ ಮಾತ್ರ ಖಾಲಿ.

ತೊಂದರೆ ಏನೆಂದರೆ, ಈ ಎರಡನೇ ದಾರಿಯಲ್ಲಿ ಎಲ್ಲ ಭಾರ ಬೀಳುವುದು ಒಂದೇ ಒಂದು ಪರೀಕ್ಷೆಯ ಮೇಲೆ. ಅದು ಎಡವಿದರೆ ಹಿಂದೆ ಹಿಡಿಯುವವರು ಯಾರೂ ಇಲ್ಲ.

ಕೋಡ್‌ಗುಬ್ಬಿ | ಆಗಸ್ಟ್ 8, ಮಧ್ಯಾಹ್ನ 1:15

ಊಟದ ಹೊತ್ತಲ್ಲಿ ಸೋರ್ಸ್ ತೆಗೆದು ನೋಡಿದೆ. ನಗಬೇಕೋ ಅಳಬೇಕೋ.

ಎಕ್ಸೆಕ್ ನಡೆಯುವಾಗ, ಅಂದರೆ ಪ್ರೋಸೆಸ್ ಹೊಸ ಪ್ರೋಗ್ರಾಂ ಶುರುಮಾಡುವಾಗ, ಆ ಪ್ರೋಗ್ರಾಂ ಸೆಟ್‌ಯುಐಡಿ ಆಗಿದ್ದರೆ, ಕರ್ನಲ್ ಕೆಟಿಆರ್‌ಪ್ರಾಕ್‌ಎಕ್ಸೆಕ್ ಅನ್ನುವ ಪುಟ್ಟ ಫಂಕ್ಷನ್ ಕರೆಯುತ್ತದೆ. ಕರೆಯುವ ಜಾಗದಲ್ಲಿ ಕಾಮೆಂಟ್ ಸ್ಪಷ್ಟವಾಗಿದೆ: ಸೆಟ್‌ಐಡಿ ಪ್ರೋಗ್ರಾಂಗಳಿಗೆ ಟ್ರೇಸಿಂಗ್ ಆರಿಸು, ರೂಟ್‌ಗೆ ಮಾತ್ರ ವಿನಾಯಿತಿ. ಆ ಫಂಕ್ಷನ್ ಎರಡು ಪ್ರಶ್ನೆ ಕೇಳುತ್ತದೆ. ಟ್ರೇಸಿಂಗ್ ಇದೆಯಾ? ಟ್ರೇಸ್ ಹಚ್ಚಿದವನಿಗೆ ಬೇರೆಯವರ ಪ್ರೋಸೆಸ್ ನೋಡುವ ವಿಶೇಷ ಹಕ್ಕು ಇದೆಯಾ? ಟ್ರೇಸಿಂಗೇ ಇಲ್ಲದಿದ್ದರೆ, ಅಥವಾ ಹಕ್ಕು ಇದ್ದರೆ, ಏನೂ ಮಾಡದೆ ಹಿಂದಿರುಗಬೇಕು. ಇಲ್ಲದಿದ್ದರೆ ಟ್ರೇಸಿಂಗ್ ಕಿತ್ತುಹಾಕಬೇಕು.

ಹಕ್ಕು ಕೇಳುವ ಫಂಕ್ಷನ್ ಪ್ರಿವ್‌ಚೆಕ್. ಅದು ಹಕ್ಕು ಇದ್ದರೆ 0 ಕೊಡುತ್ತದೆ, ಇಲ್ಲದಿದ್ದರೆ ಎರರ್ ನಂಬರ್. ಯುನಿಕ್ಸ್‌ನ ಹಳೇ ಸಂಪ್ರದಾಯ, ಸೊನ್ನೆ ಎಂದರೆ ಶುಭ. ಆದರೆ ಸಿ ಭಾಷೆಯ ಇಫ್ ಒಳಗೆ ಸೊನ್ನೆ ಎಂದರೆ ಸುಳ್ಳು. ಹಾಗಾಗಿ «ಹಕ್ಕು ಇದ್ದರೆ» ಅಂತ ಬರೆಯಬೇಕಾದರೆ ಕೊನೆಯಲ್ಲಿ «== 0» ಇರಲೇಬೇಕು. ಇರಲಿಲ್ಲ.

ಪೂರ್ತಿ ಉಲ್ಟಾ. ಹಕ್ಕು ಇಲ್ಲದವನ ಟ್ರೇಸಿಂಗ್ ಮುಂದುವರಿಯಿತು, ಹಕ್ಕು ಇದ್ದವನದ್ದು ಕಡಿಯಿತು. ಹಳೆಯ ಕೋಡ್ ಸರಿಯಾಗಿಯೇ ಇತ್ತು. 2021ರಲ್ಲಿ ಕೆಟ್ರೇಸ್‌ನ ಬಿಡಿಬಿಡಿ ಫೀಲ್ಡ್‌ಗಳನ್ನೆಲ್ಲ ಒಂದು ಸ್ಟ್ರಕ್ಚರ್ ಒಳಗೆ ಜೋಡಿಸಿ ಒಪ್ಪಮಾಡಿದರು, ಆಗ ಈ ಷರತ್ತನ್ನು ಫಂಕ್ಷನ್ ಒಳಗೆ ತಂದು ತಿರುಗಿಸಿ ಬರೆಯಬೇಕಾಯಿತು. ಮೊದಲು «ಹಕ್ಕು ಇಲ್ಲದಿದ್ದರೆ ಕಿತ್ತುಹಾಕು» ಇತ್ತು, ಅದಕ್ಕೆ «== 0» ಬೇಡ. ಅದನ್ನೇ «ಇದ್ದರೆ ಹಿಂದಿರುಗು» ಅಂತ ಮಾಡಿದಾಗ ಬೇಕಾಗುತ್ತದೆ. ಅಷ್ಟೇ ವ್ಯತ್ಯಾಸ.

ಉಂಡಿಕಾಕಾ | ಆಗಸ್ಟ್ 8, ಮಧ್ಯಾಹ್ನ 2:40

ಅಲ್ರೀ ಕೋಡ್‌ಗುಬ್ಬಿ, ನಿಲ್ರಿ ನಿಲ್ರಿ. ಹಕ್ಕ ಇದ್ದಾಂವಂದು ಕಡೀತು ಅಂದ್ರಲ್ಲ. ಅಂದ್ರ ರೂಟ್ ಆಗಿ ಕೆಟ್ರೇಸ್ ಹಚ್ಚಿದ್ರ ಸೆಟ್‌ಯುಐಡಿ ಬಂದ ಕೂಡ್ಲೆ ಅದು ನಿಂತ್ ಹೋಗ್ತಿತ್ತು?

ಹಂಗಿದ್ರ ನನಗ ಎರಡ ವರ್ಷದ್ ಹಿಂದ ಆಗಿದ್ದು ಇದs. ಒಬ್ಬ ಯೂಸರ್‌ಗೆ ಎಸ್‌ಯು ಹೊಡದ್ರ ಹತ್ತ ಸೆಕೆಂಡ್ ಸುಮ್ನ ಕುಂದರ್ತಿತ್ತು. ಎಲ್ಲಿ ತಡಾ ಆಗಾಕತ್ತೈತಿ ನೋಡೂಣು ಅಂತ ಅವನ ಶೆಲ್‌ನ ಪ್ರೋಸೆಸ್ ನಂಬರ್ ಹಿಡದು ರೂಟ್ ಆಗಿ ಕೆಟ್ರೇಸ್ «-ಐ -ಪಿ» ಹಚ್ಚಿದೆ. ಅವಗ ಎಸ್‌ಯು ಹೊಡಿ ಅಂದೆ. ಕೆಡಂಪ್ ತಗದ್ರ ಶೆಲ್ ಫೋರ್ಕ್ ಆಗಿದ್ದ ಐತಿ, ಎಕ್ಸೆಕ್ ಕರದಿದ್ದ ಐತಿ, ಅದರ ಮುಂದ ಖಾಲಿ. ಎಸ್‌ಯುದ್ದು ಒಂದ್ ಸಾಲೂ ಇಲ್ಲ. ಮೂರ್ ಸಲ ಮಾಡ್ದೆ. ಮ್ಯಾನ್ ಪೇಜ್ ಓದಿ «ಸೆಟ್‌ಯುಐಡಿಗೆ ಟ್ರೇಸ್ ನಿಲ್ತೈತಿ» ಅಂತ ತಿಳ್ಕೊಂಡು ಸುಮ್ನಾದೆ. ಕಡೀಕ ಡಿಎನ್‌ಎಸ್ ಸರ್ವರ್ ಸತ್ತಿತ್ತು ಅಂತ ಬ್ಯಾರೆ ದಾರೀಲೆ ಗೊತ್ತಾತು, ಅದ್ ಬಿಡ್ರಿ.

ನನ್ನ ನೋಟ್‌ಬುಕ್ಕಿನ್ಯಾಗ ಈಗೂ ಐತಿ: «ಕೆಟ್ರೇಸ್ ಎಸ್‌ಯು ಒಳಗ ಹೋಗಂಗಿಲ್ಲ.» ಅಪ್ಪಾ ದೇವ್ರs. ನನಗ ಹೋಗತಿರ್ಲಿಲ್ಲ, ಉಳದವ್ರಿಗೆಲ್ಲಾ ಹೋಗತಿತ್ತು!

ಕೋಡ್‌ಗುಬ್ಬಿ | ಆಗಸ್ಟ್ 8, ಮಧ್ಯಾಹ್ನ 2:52

ಕಾಕಾ, ನಿಮ್ಮದು 13.1 ಅಥವಾ ಆಮೇಲಿನದ್ದಾಗಿದ್ದರೆ ಹೌದು, ಅದೇ. ಈ ಬಗ್ ನಿಮ್ಮ ಕೈಗೆ ಸಿಕ್ಕಿ ಜಾರಿತು. ಆದರೆ ನಿಮ್ಮ ತಪ್ಪೇನೂ ಇಲ್ಲ. ಟ್ರೇಸ್ ನಿಂತದ್ದನ್ನು ನೋಡಿ ಯಾರಾದರೂ «ಸುರಕ್ಷತೆ ಕೆಲಸ ಮಾಡುತ್ತಿದೆ» ಅಂತಲೇ ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆ, ಸಾಮಾನ್ಯ ಬಳಕೆದಾರರಾಗಿ ಎಸ್‌ಯು ಟ್ರೇಸ್ ಮಾಡಿ ಒಳಗಿನದೆಲ್ಲ ಕಂಡವರು «ಓಹೋ, ಬಿಎಸ್‌ಡಿಯಲ್ಲಿ ಇದಕ್ಕೆ ಅವಕಾಶ ಇದೆ» ಅಂದುಕೊಂಡಿರಬಹುದು.

ಪೆಂಗ್ವಿನ್‌ಮರಿ | ಆಗಸ್ಟ್ 8, ಸಂಜೆ 5:30

ಮೂರು ವರ್ಷ ಯಾರಿಗೂ ಕಾಣಲಿಲ್ಲ ಅಂದರೆ ಅದಕ್ಕೆ ಬಳಸುವವರು ಕಡಿಮೆ ಅನ್ನುವುದೇ ಕಾರಣ. ಲಿನಕ್ಸ್‌ನಲ್ಲಾಗಿದ್ದರೆ ವಾರದಲ್ಲಿ ಹಿಡಿಯುತ್ತಿದ್ದರು. ಹಳೇಗಿರಾಕಿ ಸರ್, ನಿಮ್ಮ ಕಥೆ ಎಲ್ಲಿ?

ಹಳೇಗಿರಾಕಿ | ಆಗಸ್ಟ್ 8, ರಾತ್ರಿ 9:20

ಕೇಳಿದ್ರಿ, ಹೇಳ್ತೀನಿ. ವಾರದಲ್ಲಿ ಹಿಡಿಯುವ ಲಿನಕ್ಸಿನದ್ದು.

2019ರ ಜುಲೈ. ಗೂಗಲ್ ಪ್ರಾಜೆಕ್ಟ್ ಜೀರೋದ ಯಾನ್ ಹಾರ್ನ್ ಹಿಡಿದದ್ದು, ಸಿವಿಇ-2019-13272. ಅದೂ ಟ್ರೇಸಿಂಗ್‌ನದ್ದೇ, ಅದೂ ಸೆಟ್‌ಯುಐಡಿ ಗಳಿಗೆಯದ್ದೇ.

ಲಿನಕ್ಸ್‌ನಲ್ಲಿ ಮಗು ಪ್ರೋಸೆಸ್ ತಾನಾಗಿಯೇ «ನನ್ನ ಅಪ್ಪ ನನ್ನನ್ನು ಟ್ರೇಸ್ ಮಾಡಲಿ» ಅಂತ ಕೇಳಬಹುದು, ಪಿಟ್ರೇಸ್ ಟ್ರೇಸ್‌ಮೀ ಅಂತ. ಕೇಳಿದಾಗ ಕರ್ನಲ್ ಒಂದು ಚೀಟಿ ಬರೆದಿಡುತ್ತದೆ: ಟ್ರೇಸ್ ಮಾಡುವವನ ಹಕ್ಕು ಇಂಥದ್ದು. ಮುಂದೆ ಮಗು ಸೆಟ್‌ಯುಐಡಿ ಪ್ರೋಗ್ರಾಂ ಓಡಿಸಿದರೆ ಕರ್ನಲ್ ಆ ಚೀಟಿ ನೋಡಿ, ಟ್ರೇಸ್ ಮಾಡುವವನು ಸಾಮಾನ್ಯನಾದರೆ ರೂಟ್ ಹಕ್ಕು ಕೊಡುವುದಿಲ್ಲ, ರೂಟ್ ಆದರೆ ಕೊಡುತ್ತದೆ. ನೀವು ಬೆಳಿಗ್ಗೆ ಹೇಳಿದ ರಕ್ಷಣೆ ನಿಂತಿರುವುದು ಈ ಚೀಟಿಯ ಮೇಲೆ.

ಚೀಟಿಯಲ್ಲಿ ಬರೆಯುತ್ತಿದ್ದದ್ದು ಅಪ್ಪನ ಆ ಕ್ಷಣದ ಹಕ್ಕು. ಈಗ ಅಪ್ಪ ಪಿಕೆಎಕ್ಸೆಕ್ ಓಡಿಸುತ್ತಾನೆ, ಅದು ಸೆಟ್‌ಯುಐಡಿ ರೂಟ್. ಅಪ್ಪ ರೂಟ್ ಆಗಿರುವ ಆ ಅರೆಗಳಿಗೆಯಲ್ಲಿ ಮಗು ಟ್ರೇಸ್‌ಮೀ ಅನ್ನುತ್ತದೆ. ಚೀಟಿಯಲ್ಲಿ «ರೂಟ್» ಅಂತ ದಾಖಲಾಯಿತು. ಆಮೇಲೆ ಪಿಕೆಎಕ್ಸೆಕ್ ಹಕ್ಕು ಇಳಿಸಿಕೊಂಡು ಸಾಮಾನ್ಯ ಬಳಕೆದಾರನಾಗಿ ಬೇರೆ ಪ್ರೋಗ್ರಾಂಗೆ ಜಾಗ ಬಿಡುತ್ತದೆ, ಅಪ್ಪ ಪುನಃ ದಾಳಿಕೋರನ ಕೈಗೆ. ಚೀಟಿ ಮಾತ್ರ ಹಳೆಯದೇ. ಮಗು ಹೋಗಿ ಒಂದು ಸೆಟ್‌ಯುಐಡಿ ಪ್ರೋಗ್ರಾಂ ಎಬ್ಬಿಸುತ್ತದೆ, ಕರ್ನಲ್ ಚೀಟಿ ನೋಡಿ «ನೋಡುವವನು ರೂಟ್, ಸರಿ» ಅನ್ನುತ್ತದೆ. ಸಾಮಾನ್ಯ ಬಳಕೆದಾರನ ಕೈಯಲ್ಲಿ ರೂಟ್ ಪ್ರೋಸೆಸ್‌ನ ಜುಟ್ಟು. ಬರೀ ಓದುವುದಲ್ಲ, ತಿದ್ದಬಹುದು. ಕೆಟ್ರೇಸ್ ಲೋಪಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು.

ರಿಪೇರಿ ಚಿಕ್ಕದು: ಚೀಟಿಯಲ್ಲಿ ಅಪ್ಪನ ಹಕ್ಕು ಬೇಡ, ಕೇಳಿದವನದ್ದು, ಅಂದರೆ ಮಗುವಿನದ್ದು ಬರೆಯಿರಿ. ಕರ್ನಲ್ 5.1.17ರಲ್ಲಿ ಬಂತು. ಆ ಚೀಟಿ ಪದ್ಧತಿ ಸೇರಿದ್ದು 4.10 ಕಾಲದಲ್ಲಿ, ಅಂದರೆ ಎರಡು ವರ್ಷಕ್ಕೂ ಮೇಲೆ ಹಾಗೇ ಇತ್ತು, ಜಗತ್ತೆಲ್ಲ ಬಳಸುತ್ತಿದ್ದಾಗಲೇ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ಡಿಸೆಂಬರ್‌ನಲ್ಲಿ ಇದನ್ನು «ನಿಜವಾಗಿ ದಾಳಿಗೆ ಬಳಕೆಯಾಗಿರುವ» ಲೋಪಗಳ ಪಟ್ಟಿಗೆ ಸೇರಿಸಿತು.

ಇನ್ನೂ ಹಿಂದಕ್ಕೆ ಹೋದರೆ 2003, ಕರ್ನಲ್ 2.2, 2.4ರ ಕಾಲ. ಕರ್ನಲ್ ತಾನೇ ಮಾಡ್ಯೂಲ್ ತುಂಬಿಸಲು ಎಬ್ಬಿಸಿದ ಪ್ರೋಸೆಸ್‌ಗೇ ಸಾಮಾನ್ಯ ಬಳಕೆದಾರ ಪಿಟ್ರೇಸ್ ಅಂಟಿಸಬಹುದಿತ್ತು. ಆ ವರ್ಷ ನಾನು ಒಂದು ಸೈಬರ್ ಕೆಫೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಅದರ ಬಗ್ಗೆ ಬರೆಯಲು ಹೋದರೆ ಈ ರಾತ್ರಿ ಸಾಲದು.

ಪೆಂಗ್ವಿನ್‌ಮರಿ | ಆಗಸ್ಟ್ 8, ರಾತ್ರಿ 9:48

ಸರಿ ಸರ್. «ಸಾಧ್ಯವೇ ಇಲ್ಲ» ವಾಪಸ್ ತಗೊಂಡೆ.

ಮೂರನೇಸೆಮ್ | ಆಗಸ್ಟ್ 9, ಬೆಳಿಗ್ಗೆ 11:02

ನಾನು ಸ್ಟೂಡೆಂಟ್, ಹೊಸಬ. ಎರಡು ಡೌಟ್. ಒಂದು, ಸಿಗೋದು ಹ್ಯಾಶ್ ಮಾತ್ರ ಅಲ್ವಾ, ಪಾಸ್‌ವರ್ಡ್ ಅಲ್ವಲ್ಲ, ಅದರಿಂದ ಏನು ಮಾಡೋಕಾಗುತ್ತೆ? ಎರಡು, ನಮ್ಮ ಲ್ಯಾಬ್‌ನಲ್ಲಿ ಇದನ್ನ ಒಂದ್ಸಲ ಟ್ರೈ ಮಾಡಿ ನೋಡಬಹುದಾ, ಯಾರಿಗೂ ತೊಂದರೆ ಮಾಡದೆ?

ಹಳೇಗಿರಾಕಿ | ಆಗಸ್ಟ್ 9, ಬೆಳಿಗ್ಗೆ 11:30

ಎರಡನೆಯದಕ್ಕೆ ಮೊದಲು ಉತ್ತರ: ಬೇಡ ಮರಿ. ಟ್ರೈ ಮಾಡಿದ ಕ್ಷಣಕ್ಕೆ ನಿನ್ನ ಹೋಮ್ ಡೈರೆಕ್ಟರಿಯಲ್ಲಿ ಬೇರೆಯವರ ಹ್ಯಾಶ್ ಇರುತ್ತದೆ. ಡೇಟಾಬೇಸ್ ಓದುವುದು ಪುಟ ಪುಟವಾಗಿ, ನೀನು ಕೇಳಿದ ಹೆಸರಿನ ಜತೆ ಆ ಪುಟದಲ್ಲಿರುವ ಅಕ್ಕಪಕ್ಕದವರದ್ದೂ ಬರುತ್ತದೆ. ಆಮೇಲೆ «ನಾನು ಸುಮ್ಮನೆ ನೋಡಿದ್ದು» ಅಂದರೆ ಯಾರು ಕೇಳುತ್ತಾರೆ? ಮನೆಯ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಮೆಶೀನ್ ಮಾಡಿ 14.1ರ ಹಳೇ ಐಎಸ್‌ಒ ಹಾಕು, ಅಪ್‌ಡೇಟ್ ಮಾಡದೆ ಬಿಡು, ಎಷ್ಟು ಬೇಕಾದರೂ ಆಡು. ಕೆಡಂಪ್‌ನಲ್ಲಿ ನಿನ್ನದೇ ಹ್ಯಾಶ್ ಕಂಡಾಗ ಮೈ ಜುಂ ಅನ್ನುತ್ತದೆ.

ಹ್ಯಾಶ್ ವಿಚಾರ. ಫ್ರೀಬಿಎಸ್‌ಡಿಯಲ್ಲಿ ಡೀಫಾಲ್ಟ್ ಆಗಿ ಎಸ್‌ಎಚ್‌ಎ-512 ವಿಧಾನದ್ದು, ಮೊದಲಿಗೆ $6$ ಇರುತ್ತದೆ. ಅದನ್ನು ಹಿಮ್ಮುಖವಾಗಿ ಬಿಡಿಸಲು ಆಗುವುದಿಲ್ಲ ಸರಿ, ಆದರೆ ಊಹೆ ಮಾಡಿ ಹೋಲಿಸಬಹುದು. ಲಾಗಿನ್ ಪರದೆಯಲ್ಲಿ ಊಹೆ ಮಾಡಿದರೆ ನಿಧಾನ, ಲಾಗ್‌ನಲ್ಲಿ ಬೀಳುತ್ತದೆ. ಹ್ಯಾಶ್ ಮನೆಗೆ ಕೊಂಡುಹೋದರೆ ರಾತ್ರಿಯಿಡೀ ಕೇಳುವವರಿಲ್ಲದೆ ಊಹಿಸಬಹುದು. ಊರ ಹೆಸರು ಮತ್ತು 123 ಇಟ್ಟುಕೊಂಡವರದ್ದು ಬೆಳಗಾಗುವುದರೊಳಗೆ ಸಿಕ್ಕಿಬಿಡುತ್ತದೆ. ರೂಟ್‌ನದ್ದೇ ಹಾಗಿದ್ದರೆ ಮುಗಿಯಿತು, ಓದುವ ಲೋಪ ಅಂತ ಶುರುವಾದದ್ದು ಪೂರ್ತಿ ಯಜಮಾನಿಕೆಯಾಗುತ್ತದೆ.

ಕಡಲತಡಿ | ಆಗಸ್ಟ್ 9, ಮಧ್ಯಾಹ್ನ 12:15

ಪಾಸ್‌ವರ್ಡ್ ಬಿಡಿ, ಎಸ್‌ಎಸ್‌ಎಚ್‌ನ ಹೋಸ್ಟ್ ಕೀ? ಎಸ್‌ಎಸ್‌ಎಚ್-ಕೀಸೈನ್ ಅಂತ ಒಂದು ಸೆಟ್‌ಯುಐಡಿ ಉಂಟಲ್ಲ, ಅದು ಓದುವುದೇ ಖಾಸಗಿ ಕೀಗಳನ್ನು. ಅದನ್ನು ಟ್ರೇಸ್ ಮಾಡಿದರೆ?

ಕೋಡ್‌ಗುಬ್ಬಿ | ಆಗಸ್ಟ್ 9, ಮಧ್ಯಾಹ್ನ 12:50

ಒಳ್ಳೆಯ ಪ್ರಶ್ನೆ, ನನಗೂ ಮೊದಲು ಅದೇ ಭಯ ಆಯಿತು. ಕೀಸೈನ್ ಶುರುವಿನಲ್ಲೇ ರೂಟ್ ಆಗಿ ಕೀ ಫೈಲ್‌ಗಳನ್ನು ತೆರೆದಿಟ್ಟುಕೊಳ್ಳುತ್ತದೆ, ಹಕ್ಕು ಬಿಡುತ್ತದೆ, ಆಮೇಲೆ ಕಾನ್ಫಿಗ್‌ನಲ್ಲಿ ತನಗೆ ಅನುಮತಿ ಇದೆಯಾ ನೋಡುತ್ತದೆ. ಡೀಫಾಲ್ಟ್ ಆಗಿ ಇಲ್ಲ, ಹಾಗಾಗಿ ಅಲ್ಲೇ ಹೊರಟುಹೋಗುತ್ತದೆ. ತೆರೆದದ್ದು ಟ್ರೇಸ್‌ನಲ್ಲಿ ಕಾಣುತ್ತದೆ, ಓದಿದ್ದು ಕಾಣುವುದಿಲ್ಲ, ಏಕೆಂದರೆ ಓದಿಯೇ ಇಲ್ಲ. ಹೋಸ್ಟ್‌ಬೇಸ್ಡ್ ಲಾಗಿನ್‌ಗಾಗಿ ಅದನ್ನು ಆನ್ ಮಾಡಿದವರು ಇದ್ದರೆ ಹೋಸ್ಟ್ ಕೀ ಬದಲಿಸುವುದು ಒಳ್ಳೆಯದು.

ಪೋರ್ಟ್ಸ್‌ನಿಂದ ಸುಡೊ ಹಾಕಿಕೊಂಡವರ ಸುಡೋಯರ್ಸ್ ಫೈಲ್ ಮಾತ್ರ ಖಂಡಿತ ಓದಲಾಗುತ್ತದೆ. ಅದು ಎಲ್ಲರಿಗೂ ಕಾಣುವ ಫೈಲ್ ಅಲ್ಲ. ಯಾರಿಗೆ ಯಾವ ಕಮ್ಯಾಂಡ್ ಪಾಸ್‌ವರ್ಡ್ ಇಲ್ಲದೆ ಓಡುತ್ತದೆ ಎಂಬ ನಕ್ಷೆ ಸಿಕ್ಕಂತಾಯಿತು.

ರಾತ್ರಿಪಾಳಿ | ಆಗಸ್ಟ್ 9, ಮಧ್ಯಾಹ್ನ 3:10

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ಫ್ರೀಬಿಎಸ್‌ಡಿ-ಅಪ್‌ಡೇಟ್ ಫೆಚ್, ಇನ್‌ಸ್ಟಾಲ್ ಮಾಡಿದೆ. ಫ್ರೀಬಿಎಸ್‌ಡಿ-ವರ್ಷನ್ ಹೊಡೆದರೆ 13.3 ಪಿ5 (ಐದನೇ ಪ್ಯಾಚ್) ತೋರಿಸುತ್ತಿದೆ. 13.3ಕ್ಕೆ ಪಿ5 ತಾನೇ ಬೇಕಿರುವುದು? ರೀಬೂಟ್ ರಜೆ ದಿನ ಮಾಡಿದರಾಯಿತು ಅಲ್ಲವಾ, ಪ್ಯಾಚ್ ಹೇಗೂ ಬಿದ್ದಿದೆಯಲ್ಲ?

ಉಂಡಿಕಾಕಾ | ಆಗಸ್ಟ್ 9, ಮಧ್ಯಾಹ್ನ 3:22

ಇಲ್ರೀ ಸರ, ಇಲ್ಲೇ ಎಲ್ಲಾರೂ ಬೀಳೂದು. ಬರೇ ಹೊಡದ್ರ ಅದು ಡಿಸ್ಕಿನ ಮ್ಯಾಲಿನ ಯೂಸರ್‌ಲ್ಯಾಂಡ್ (ಕರ್ನಲ್ ಬಿಟ್ಟು ಉಳದಿದ್ದು) ನಂಬರ್ ತೋರಸ್ತೈತಿ. «-ಕೆ» ಹಚ್ಚಿದ್ರ ಡಿಸ್ಕಿನ್ಯಾಗ ಇರೂ ಕರ್ನಲ್. «-ಆರ್» ಹಚ್ಚಿ ನೋಡ್ರಿ, ಅದು ಈಗ ಓಡಾಕತ್ತಿರೂ ಕರ್ನಲ್. ಈ ಲೋಪ ಇರೂದ ಕರ್ನಲ್ಲಿನ್ಯಾಗ. ರೀಬೂಟ್ ಆಗೂ ತನಕ ಹಳೇದs ಓಡ್ತೈತಿ.

ಇವತ್ತ ಪಂಚಮಿ ಐತಿ, ನಮ್ಮ ಕಡೆ ಎಲ್ಲಾ ಜೋಕಾಲಿ ಆಡಾಕ ಹೋಗ್ಯಾರ. ನಾ ಇಲ್ಲಿ ಉಂಡಿ ತಿನಕೋತ ಹನ್ನೊಂದು ಸರ್ವರ್ ರೀಬೂಟ್ ಮಾಡಾಕತ್ತೀನಿ. ನಿಮಗ ಒಂದs ಐತಲ್ರೀ.

ರಾತ್ರಿಪಾಳಿ | ಆಗಸ್ಟ್ 9, ಮಧ್ಯಾಹ್ನ 3:31

«-ಆರ್» ಪಿ4 ಅನ್ನುತ್ತಿದೆ. ಛೆ. ಕಳೆದ ಒಂದು ರಾತ್ರಿ ಪೂರ್ತಿ ಪ್ಯಾಚ್ ಆಗಿದೆ ಅಂತ ನೆಮ್ಮದಿಯಾಗಿ ಮಲಗಿದ್ದೆ. ಆರು ಗಂಟೆಗೆ ಲ್ಯಾಬ್ ಮುಗಿಯುತ್ತದೆ, ಮುಗಿದ ಕೂಡಲೇ ಮಾಡುತ್ತೇನೆ.

ರಾತ್ರಿಪಾಳಿ | ಆಗಸ್ಟ್ 9, ಸಂಜೆ 6:48

ಮುಗಿಯಿತು. ಮಳೆಗೆ ಯುಪಿಎಸ್ ಕೋಣೆ ಸೋರುತ್ತಿತ್ತು, ಬಕೆಟ್ ಇಟ್ಟು ಪಕ್ಕದಲ್ಲೇ ನಿಂತು ರೀಬೂಟ್ ಮಾಡಿದೆ. ಎರಡೂ ಪಿ5.

ಈಗ ಮುಂದಿನ ಚಿಂತೆ. ಈ ಮೂರು ವರ್ಷದಲ್ಲಿ ಯಾರಾದರೂ ಬಳಸಿಕೊಂಡಿದ್ದರೆ ಗೊತ್ತಾಗುತ್ತಾ?

ಹಳೇಗಿರಾಕಿ | ಆಗಸ್ಟ್ 9, ರಾತ್ರಿ 8:05

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ ಆಗಬಾರದು ಅಂತ ಕೇಳುತ್ತಿದ್ದೀರಿ. ನೇರ ಉತ್ತರ: ಕೆಟ್ರೇಸ್ ಓಡಿಸಿದ್ದಕ್ಕೆ ಸಿಸ್ಟಮ್ ತಾನಾಗಿ ಎಲ್ಲೂ ಲಾಗ್ ಬರೆಯುವುದಿಲ್ಲ. ಪ್ರೋಸೆಸ್ ಅಕೌಂಟಿಂಗ್ (ಯಾರು ಯಾವ ಕಮ್ಯಾಂಡ್ ಓಡಿಸಿದರು ಎಂಬ ಲೆಕ್ಕ) ಆನ್ ಇದ್ದರೆ ಲಾಸ್ಟ್‌ಕಾಮ್ ಹೊಡೆದು ಯಾರು ಯಾವಾಗ ಕೆಟ್ರೇಸ್ «-ಪಿ» ಹಚ್ಚಿದರು ನೋಡಬಹುದು, «ಕೆಟ್ರೇಸ್ ಎಸ್‌ಯು» ಅಂತ ನೇರ ಓಡಿಸಿದ್ದು ಮಾತ್ರ ಬರೀ ಎಸ್‌ಯು ಹೆಸರಿನಲ್ಲೇ ಬೀಳುತ್ತದೆ. ಆದರೆ ಚತುರನಾದವನು ಆ ಕಮ್ಯಾಂಡನ್ನೇ ಮುಟ್ಟದೆ ತನ್ನದೇ ಸಿ ಪ್ರೋಗ್ರಾಂನಿಂದ ಕೆಟ್ರೇಸ್ ಸಿಸ್ಟಮ್ ಕಾಲ್ ಕರೆಯಬಹುದು, ಅದಕ್ಕೆ ಆಡಿಟ್‌ಡಿ (ಸಿಸ್ಟಮ್ ಕಾಲ್‌ಗಳನ್ನು ದಾಖಲಿಸುವ ಸೇವೆ) ಮೊದಲಿಂದಲೇ ಇರಬೇಕಿತ್ತು. ಹೋಮ್ ಡೈರೆಕ್ಟರಿಗಳಲ್ಲಿ ಕೆಟ್ರೇಸ್.ಔಟ್ ಹುಡುಕಿ, ಅದಕ್ಕೇನು ಖರ್ಚಿಲ್ಲ. ಸಿಗದಿದ್ದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ.

43 ಜನರ ಪಾಸ್‌ವರ್ಡ್ ಅವಧಿ ಮುಗಿಸಿ ಹೊಸದು ಇಡಿಸಿ. ರೂಟ್‌ನದ್ದು ಮೊದಲು. ಇದಕ್ಕೆ ಬೇರೆ ಯೋಚನೆ ಬೇಡ.

ಟ್ರೇಸ್ ಕಲಿಸುವಾಗ ಇನ್ನೊಂದು ಮಾತು ಹೇಳಿಕೊಡಿ. ಪ್ಯಾಚ್ ಆದ ಮೇಲೂ ಕೆಟ್ರೇಸ್.ಔಟ್ ಅಂದರೆ ನಿಮ್ಮದೇ ಪ್ರೋಗ್ರಾಂ ಓದಿದ ಬರೆದ ಎಲ್ಲವೂ. ಬಗ್ ರಿಪೋರ್ಟ್ ಜತೆಗೆ ಅದನ್ನು ಲಗತ್ತಿಸಿ ಊರಿಗೆಲ್ಲ ಹಂಚುವವರನ್ನು ಎಷ್ಟು ಸಲ ನೋಡಿದ್ದೇನೋ, ಒಳಗೆ ಅವರ ಎಪಿಐ ಕೀ ಕೂತಿರುತ್ತದೆ.

ಪೆಂಗ್ವಿನ್‌ಮರಿ | ಆಗಸ್ಟ್ 10, ಬೆಳಿಗ್ಗೆ 9:40

ಕೆಟ್ರೇಸನ್ನೇ ತೆಗೆದುಹಾಕಲು ಆಗುವುದಿಲ್ಲವಾ? ಸರ್ವರ್‌ನಲ್ಲಿ ಯಾಕೆ ಬೇಕು ಅದು?

ಕೋಡ್‌ಗುಬ್ಬಿ | ಆಗಸ್ಟ್ 10, ಬೆಳಿಗ್ಗೆ 10:05

ಆಗುತ್ತದೆ. ಜೆನೆರಿಕ್ ಕರ್ನಲ್‌ನಲ್ಲಿ ಕೆಟ್ರೇಸ್ ಆಯ್ಕೆ ಸೇರಿರುತ್ತದೆ, ಸ್ವಂತ ಕಾನ್ಫಿಗ್‌ನಲ್ಲಿ ಆ ಸಾಲು ತೆಗೆದು ಕರ್ನಲ್ ಕಟ್ಟಿದರೆ ಸಿಸ್ಟಮ್ ಕಾಲೇ ಕೆಲಸ ಮಾಡದು. ಆದರೆ ಆಮೇಲೆ ಪ್ರತಿ ಪ್ಯಾಚ್‌ಗೂ ಕರ್ನಲ್ ನೀವೇ ಕಟ್ಟಬೇಕು, ರೆಡಿಮೇಡ್ ಕರ್ನಲ್ ಸಿಗುವುದಿಲ್ಲ. ಅಷ್ಟು ಶಿಸ್ತು ಇಲ್ಲದವರು ಹಾಗೆ ಮಾಡಿ, ಮುಂದಿನ ಪ್ಯಾಚ್ ಬಿಟ್ಟು, ಇದಕ್ಕಿಂತ ದೊಡ್ಡ ತೂತಿನೊಂದಿಗೆ ಕೂರುತ್ತಾರೆ. ನಾನಂತೂ ಇಟ್ಟುಕೊಳ್ಳುತ್ತೇನೆ. ರಾತ್ರಿ ಎರಡು ಗಂಟೆಗೆ ಏನೋ ಕೈಕೊಟ್ಟಾಗ ಅದೊಂದೇ ನಿಜ ಹೇಳುವುದು.

ರಾತ್ರಿಪಾಳಿ | ಆಗಸ್ಟ್ 12, ಸಂಜೆ 5:15

ಅಕೌಂಟಿಂಗ್ ಆನ್ ಇತ್ತು, ನಮ್ಮ ಪುಣ್ಯ. ಲಾಸ್ಟ್‌ಕಾಮ್‌ನಲ್ಲಿ ಕೆಟ್ರೇಸ್ ಹುಡುಕಿದರೆ ಹೆಚ್ಚಿನದೆಲ್ಲ ಲ್ಯಾಬ್ ಸಮಯದ್ದು. ಒಬ್ಬ ಹುಡುಗನದ್ದು ಮಾತ್ರ ರಾತ್ರಿ ಹನ್ನೊಂದೂವರೆಗೆ, ಸಾಲಾಗಿ ಇಪ್ಪತ್ತು ಸಲ. ಎದೆ ಧಸಕ್ಕೆಂದಿತು. ಕರೆದು ಕೇಳಿದೆ. ಅಸೈನ್‌ಮೆಂಟ್‌ಗೆ ಸ್ವಂತ ಶೆಲ್ ಬರೆಯುತ್ತಿದ್ದನಂತೆ, ಪೈಪ್‌ನ ಒಂದು ತುದಿ ಮುಚ್ಚಲು ಮರೆತು ಪ್ರೋಗ್ರಾಂ ನೇತಾಡುತ್ತಿತ್ತಂತೆ. ಕೆಟ್ರೇಸ್.ಔಟ್ ಇನ್ನೂ ಇಟ್ಟುಕೊಂಡಿದ್ದ, ಕೂತು ಕೆಡಂಪ್ ಹಾಕಿ ನೋಡಿದೆವು. ಮುಚ್ಚದೇ ಬಿಟ್ಟ ಪೈಪ್ ಅಲ್ಲೇ ಕಾಣುತ್ತಿತ್ತು, ರೀಡ್ ಕರೆದು ಹಿಂದಿರುಗದೆ ನಿಂತಿದೆ. ಎಸ್‌ಯು ಎಲ್ಲೂ ಇಲ್ಲ.

ಪಾಸ್‌ವರ್ಡ್ ಎಲ್ಲರದ್ದೂ ಬದಲಾಯಿತು. ಇವತ್ತು ಬೆಳಿಗ್ಗೆಯಿಂದ ಏಳು ಜನ ಮರೆತೆವು ಅಂತ ಬಂದು ಹೋಗಿದ್ದಾರೆ.

ಉಂಡಿಕಾಕಾ | ಆಗಸ್ಟ್ 12, ರಾತ್ರಿ 9:55

ನಾನೂ ಒಂದ ಕೆಲಸಾ ಮಾಡ್ದೆ. ಹಳೇ ನೋಟ್‌ಬುಕ್ ತಗದು, ಪ್ಯಾಚ್ ಆದ ಸರ್ವರ್ ಮ್ಯಾಲೆ ಅದs ಮಾಡಿದೆ: ಯೂಸರ್ ಶೆಲ್‌ಗೆ ರೂಟ್ ಆಗಿ ಕೆಟ್ರೇಸ್ «-ಐ -ಪಿ» ಹಚ್ಚಿ, ಆ ಕಡೆಯಿಂದ ಎಸ್‌ಯು. ಫೋರ್ಕ್, ಎಕ್ಸೆಕ್, ಅದರ ಮುಂದ ಪ್ಯಾಮ್ (ಲಾಗಿನ್ ಪರೀಕ್ಷೆ ನಿಯಮ) ಫೈಲ್ ತಗದಿದ್ದು, ಡೇಟಾಬೇಸ್ ಓದಿದ್ದು, ಪೂರಾ ಬಂತ್ರಿ. ಆಮ್ಯಾಲೆ ಬರೇ ಯೂಸರ್ ಆಗಿ ಕೆಟ್ರೇಸ್ ಹಚ್ಚಿ ಎಸ್‌ಯು ಹೊಡದೆ, ಎಕ್ಸೆಕ್‌ದಾಗ ನಿಂತ್ತು.

ನೋಟ್‌ಬುಕ್ಕಿನ್ಯಾಗ ಆ ಸಾಲ ಹೊಡದ ಹಾಕಿ ಬಾಜೂಕ ತಾರೀಖ ಬರದೀನಿ.